ಮ್ಯಾನಟೀಗೂ ಹೂವಿಗೂ ಹನ್ನೊಂದು ಬಾಣ

ವಿಜ್ಞಾನದ ಮೇಡಂ ಹತ್ತಿರ ಎರಡು ಹಳೆಯ ಬಿಸ್ಕತ್ತಿನ ಡಬ್ಬಿಗಳಿದ್ದವು. ಒಂದರ ತುಂಬ ಪ್ರಾಣಿಗಳ ಚೀಟಿ, ಇನ್ನೊಂದರ ತುಂಬ ಗಿಡಗಳ ಚೀಟಿ. ಐದನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಬಂದು, ಕಣ್ಣು ಮುಚ್ಚಿಕೊಂಡು, ಎರಡೂ ಡಬ್ಬಿಗೆ ಕೈ ಹಾಕಬೇಕು. ಸಿಕ್ಕಿದ ಪ್ರಾಣಿಯನ್ನೂ ಸಿಕ್ಕಿದ ಗಿಡವನ್ನೂ ಹೋಲಿಸಿ ಬರೆಯಬೇಕು. ಬದಲಾಯಿಸಿಕೊಳ್ಳುವ ಹಾಗಿಲ್ಲ, ಅತ್ತರೂ ಇಲ್ಲ, ಹೊಟ್ಟೆನೋವು ಅಂದರೂ ಇಲ್ಲ. ಮೂರು ವಾರ ಗಡುವು. ಮೂರನೇ ಶನಿವಾರ ಅಪ್ಪ ಅಮ್ಮಂದಿರ ಮುಂದೆ ನಿಂತು ಓದಬೇಕು.

ಬೇರೆ ಮಕ್ಕಳಿಗೆ ಆನೆ, ಹುಲಿ, ಗುಲಾಬಿ, ಸೂರ್ಯಕಾಂತಿ ಅಂತ ಮುಖಪರಿಚಯ ಇರುವಂಥವೇ ಬಂದವು. ಗುಂಡಿಗೆ ಮಾತ್ರ ಒಂದು ಡಬ್ಬಿಯಿಂದ ಸಿಹಿನೀರಿನ ಮ್ಯಾನಟೀ ಬಂತು, ಇನ್ನೊಂದರಿಂದ ಪ್ರೇರಿ ಹುಲ್ಲುಬಯಲಿನ ದಿಕ್ಸೂಚಿ ಹೂ.

ಎರಡು ವರ್ಷದವಳಿದ್ದಾಗ ಅಪ್ಪನ ಅಂಗಿಯ ಗುಂಡಿಯನ್ನು ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದವಳು ಅವಳು. ಗುಂಡಿ ಮರುದಿನವೇ ಹೊರಗೆ ಬಂತು, ಹೆಸರು ಮಾತ್ರ ಉಳಿದುಕೊಂಡಿತು. ಅವತ್ತು ಸಂಜೆ ಊಟಕ್ಕೆ ಕೂತಾಗ ಅವಳು ಸುದ್ದಿ ಹೇಳಿದಳು.

"ಮ್ಯಾನಟೀ ಅಂದ್ರೆ ಏನೇ ಅದು? ಟೀ ಪುಡಿನಾ?" ಅಂದರು ಅಜ್ಜಿ.

"ಅಲ್ಲ ಅಜ್ಜಿ, ಪ್ರಾಣಿ. ನದೀಲಿ ಇರುತ್ತೆ. ನೀರೊಳಗಿನ ಹಸು ಅಂತಾರೆ. ನಾಲ್ಕು ಕ್ವಿಂಟಾಲ್ ತೂಕ. ಬರೀ ಸೊಪ್ಪು, ಹುಲ್ಲು ತಿನ್ನುತ್ತೆ."

"ಹಸು ಹೂವು ತಿಂತು. ಮುಗೀತು. ಇಷ್ಟು ಬರೆದು ಕೊಡು, ಅದಕ್ಕೆ ಮೂರು ವಾರ ಯಾಕೆ?"

"ಅದು ನೀರಲ್ಲಿ ಇರೋದು, ಇದು ಬಯಲಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇಲ್ಲ."

"ನಿಮ್ಮ ತಾತ ನಾನೂ ಮದುವೆಗೆ ಮುಂಚೆ ನೋಡಿರ್ಲಿಲ್ಲ ಕಣೇ. ಆಮೇಲೆ ಹೋಲಿಸಿ ಹೋಲಿಸಿ ನಲವತ್ತು ವರ್ಷ ಕಳೆದ್ವಿ."

ಗುಂಡಿ ನಕ್ಕಳು, ಅಜ್ಜಿ ನಕ್ಕರು, ಬಸ್ ಡಿಪೋದ ಮೆಕ್ಯಾನಿಕ್ ಆದ ಅಪ್ಪ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. ಅಮ್ಮನೊಬ್ಬಳೇ ನಗಲಿಲ್ಲ. ಅವಳು ತಟ್ಟೆಯ ಅಂಚನ್ನು ನೋಡುತ್ತಿದ್ದಳು. ಎನಾಮೆಲ್ ತಟ್ಟೆಯ ನೀಲಿ ಗೆರೆ ಒಂದು ಕಡೆ ಕೂದಲೆಳೆಯಷ್ಟು ದಪ್ಪವಾಗಿತ್ತು. ಹದಿನಾಲ್ಕು ವರ್ಷದಿಂದ ಅದೇ ತಟ್ಟೆಯಲ್ಲಿ ಉಣ್ಣುತ್ತಿದ್ದರೂ ಅವಳ ಕಣ್ಣು ದಿನಾ ಆ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು.

ಅದು ಅವಳ ಕೆಲಸದ ಫಲ. ಅಂಗಿ ಹೊಲಿಯುವ ಫ್ಯಾಕ್ಟರಿಯಲ್ಲಿ ಅವಳು ಚೆಕರ್. ಎದುರಿನ ಉದ್ದನೆಯ ಟೇಬಲ್ಲಿನ ಮೇಲೆ ಒಂದು ಸ್ಯಾಂಪಲ್ ಅಂಗಿ ಮಲಗಿರುತ್ತದೆ. ಅದು ದೋಷವಿಲ್ಲದ ಅಂಗಿ, ಸೀಲು ಹಾಕಿದ ಅಂಗಿ. ಹೊಲಿಗೆಯ ಲೈನಿನಿಂದ ಬಂದ ಒಂದೊಂದು ಅಂಗಿಯನ್ನೂ ಅದರ ಪಕ್ಕದಲ್ಲಿ ಹಾಸಬೇಕು. ಕಾಲರ್, ಹೆಗಲು, ತೋಳು, ಕಫ್, ಅಂಚು. ಆಮೇಲೆ ತಿರುಗಿಸಿ ಒಳಮೈ. ಎಲ್ಲಿ ಸ್ಯಾಂಪಲ್ಲಿಗಿಂತ ಬೇರೆ ಕಂಡಿತೋ ಅಲ್ಲಿಗೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಒಂದೆರಡು ಬಾಣ ಬಿದ್ದರೆ ಅಂಗಿ ರಿಪೇರಿಗೆ ಹೋಗುತ್ತದೆ. ಮೂರು ಬಿದ್ದರೆ ರಿಜೆಕ್ಟ್ ಆದವುಗಳ ಡಬ್ಬಕ್ಕೆ. ಅವಳ ಎಡ ಮುಂಗೈಯ ಮೇಲೆ ಬಾಣಗಳ ಹಾಳೆ ಯಾವಾಗಲೂ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಟೈಲರ್‌ಗಳು ಅವಳಿಗೆ ಇಟ್ಟ ಹೆಸರು ಬಾಣದಮ್ಮ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಈಗ ಸೂಪರ್‌ವೈಸರ್ ಕೂಡ ಹಾಗೆಯೇ ಕೂಗುತ್ತಿದ್ದ, ಅವಳೂ ಓಗೊಡುತ್ತಿದ್ದಳು.

ಗುಂಡಿ ಶಾಲೆಯ ಲೈಬ್ರರಿಯಿಂದ ಎರಡು ದಪ್ಪ ಪುಸ್ತಕ ತಂದಿಟ್ಟುಕೊಂಡು ಮೂರು ವಾರ ಪ್ರಶ್ನೆಗಳ ಮಳೆಗರೆದಳು. ಬಾಣದಮ್ಮ ಸಂಜೆ ಬಂದು, ಚಪ್ಪಲಿ ಬಿಟ್ಟು, ಪಾತ್ರೆ ತೊಳೆಯಲು ನಿಂತಾಗಲೇ ಅವು ಶುರುವಾಗುತ್ತಿದ್ದವು.

"ಅಮ್ಮಾ, ಮ್ಯಾನಟೀ ಎಷ್ಟು ಹೊತ್ತು ಉಸಿರು ಹಿಡ್ಕೊಳ್ಳುತ್ತೆ ಗೊತ್ತಾ?"

"ಹೂಂ."

"ಇಪ್ಪತ್ತು ನಿಮಿಷದವರೆಗೂ! ಆಮೇಲೆ ಮೂಗು ಮಾತ್ರ ಮೇಲೆ ತರುತ್ತೆ. ಪೂರ್ತಿ ಬರಲ್ಲ."

"ಒಳ್ಳೇದು. ಕೈ ತೊಳ್ಕೊಂಡ್ಯಾ?"

"ಅಮ್ಮಾ, ಆ ಹೂವಿನ ಬೇರು ಎಷ್ಟು ಉದ್ದ ಗೊತ್ತಾ?"

"ಹೂಂ."

"ಹೇಳು ನೋಡೋಣ."

"ಗುಂಡೀ, ತಲೆ ಸಿಡೀತಿದೆ ಕಣೇ. ಆಮೇಲೆ."

ಆಮೇಲೆ ಅನ್ನುವುದು ಆ ಮನೆಯ ಗಡಿಯಾರದಲ್ಲಿ ಇಲ್ಲದ ಹೊತ್ತು. ಗುಂಡಿ ಅದನ್ನು ಬಲ್ಲವಳಾದ್ದರಿಂದ ಮತ್ತೆ ಕೇಳದೆ ಹೋಗಿ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದಳು. ನಾಲಿಗೆಯ ತುದಿ ಹೊರಗೆ ಬಂದಿರುತ್ತಿತ್ತು. ಬರೆಯುವಾಗ ಯಾರಾದರೂ ಇಣುಕಿದರೆ ಮೊಣಕೈಯಿಂದ ಪುಸ್ತಕ ಮುಚ್ಚಿಬಿಡುತ್ತಿದ್ದಳು. "ಶುಕ್ರವಾರ ತೋರಿಸ್ತೀನಿ, ಮೊದಲು ಅಮ್ಮಂಗೆ," ಅನ್ನುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಬಾಣದಮ್ಮ ಈ ವಿಷಯ ಎತ್ತಿದಾಗ, ಕಾಲರ್ ಹೊಲಿಯುವವಳು, ಎಲ್ಲರ ಬಾಯಲ್ಲಿ ಕಾಲರ್ ಅಕ್ಕ ಆದವಳು, ಡಬ್ಬಿಯ ಮುಚ್ಚಳ ಬಡಿದು ನಕ್ಕಳು.

"ನಿನ್ನ ಮಗಳಿಗೇನು ಬಿಡೇ, ಅಮ್ಮನೇ ಹೋಲಿಸೋದ್ರಲ್ಲಿ ಎತ್ತಿದ ಕೈ. ಮೊನ್ನೆ ನನ್ನ ಕಾಲರ್‌ಗೆ ಎರಡು ಬಾಣ ಹೊಡೆದ್ಯಲ್ಲ, ನನಗಂತೂ ಭೂತಗನ್ನಡಿ ಹಾಕ್ಕೊಂಡ್ರೂ ಏನೂ ಕಾಣ್ಲಿಲ್ಲ."

"ಅರ್ಧ ನೂಲು ಎಡಕ್ಕೆ ಹೋಗಿತ್ತು ಅಕ್ಕ."

"ಅರ್ಧ ನೂಲು! ಗಂಡನ ಮೀಸೆಗೂ ಬಾಣ ಅಂಟಿಸ್ತೀಯೇನೋ."

"ಎರಡು ವಸ್ತು ಪಕ್ಕಪಕ್ಕ ಇಟ್ರೆ ನನಗೆ ವ್ಯತ್ಯಾಸ ಬಿಟ್ಟು ಬೇರೆ ಏನೂ ಕಾಣಲ್ಲ, ಏನು ಮಾಡ್ಲಿ?" ಅಂದಳು ಬಾಣದಮ್ಮ. ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಆಮೇಲೆ ನೆನಪಾದಾಗಲೆಲ್ಲ ಅವಳಿಗೆ ಚುಚ್ಚಿದ್ದು ಆ ಹೆಮ್ಮೆಯೇ.

ಮೂರನೇ ಶುಕ್ರವಾರ ಮಧ್ಯಾಹ್ನ ಫ್ಯಾಕ್ಟರಿಯ ಕರೆಂಟು ಕೈಕೊಟ್ಟಿತು. ಎರಡು ಗಂಟೆ ಕಾದು, ಎಲ್ಲರನ್ನೂ ಮನೆಗೆ ಕಳಿಸಿದರು. ಬಾಣದಮ್ಮ ಬಂದಾಗ ಅಜ್ಜಿ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಗುಂಡಿ ಕೆಳಗಿನ ಮನೆಗೆ ಗೋಂದು ಕೇಳಲು ಹೋಗಿದ್ದಳು. ಕಿಟಕಿಯ ಪಕ್ಕದಲ್ಲಿ ಹಸಿರು ರಟ್ಟಿನ ನೋಟ್‌ಬುಕ್ ತೆರೆದೇ ಇತ್ತು.

ಮೊದಲು ಅಮ್ಮನಿಗೆ ತೋರಿಸುತ್ತೇನೆ ಅಂದಿದ್ದಳಲ್ಲ, ತಾನೇ ನೋಡಿದರೆ ತಪ್ಪೇನು ಅಂದುಕೊಂಡು ಅವಳು ನಿಂತಲ್ಲೇ ತಿರುವಿದಳು. ಮೊದಲ ಪುಟದಲ್ಲಿ ಡಬ್ಬಿಯ ಚೀಟಿಗಳೆರಡನ್ನೂ ಅಂಟಿಸಿತ್ತು. ಕೆಳಗಿನದು ಓರೆಯಾಗಿತ್ತು. ಬಲಮೂಲೆ ಎರಡು ನೂಲಿನಷ್ಟು ಮೇಲೆ. ಅವಳ ಕೈ ತಾನಾಗಿಯೇ ಎಡ ಮುಂಗೈಗೆ ಹೋಯಿತು. ಬಾಣದ ಹಾಳೆಯನ್ನು ಬಿಚ್ಚಿಟ್ಟು ಬರಲು ಮರೆತಿದ್ದಳು. ಚೀಟಿಯ ಮೇಲೆ ಒಂದು ಬಾಣ ಕೂತಿತು.

ಎರಡನೇ ಪುಟದಲ್ಲಿ ಹೀಗಿತ್ತು:

"ಮ್ಯಾನಟೀ ಮತ್ತು ದಿಕ್ಸೂಚಿ ಹೂ ಒಂದೇ ಥರ ಇವೆ. ಮ್ಯಾನಟೀಯ ಮೂಗು ಮಾತ್ರ ನಮಗೆ ಕಾಣುತ್ತದೆ. ಉಳಿದದ್ದೆಲ್ಲ ಕಂದು ನೀರಿನ ಒಳಗೆ. ಈ ಗಿಡವೂ ಮೊದಲಿನ ವರ್ಷಗಳಲ್ಲಿ ಮೇಲೆ ಕೆಲವೇ ಎಲೆ ತೋರಿಸುತ್ತದೆ. ಉಳಿದದ್ದೆಲ್ಲ ಮಣ್ಣಿನ ಒಳಗೆ. ಬೇರು ನಮ್ಮ ಅಪ್ಪನ ಮೂರು ಪಟ್ಟು ಉದ್ದ ಆಗಬಹುದು."

'ಒಂದೇ ಥರ' ಅನ್ನುವಲ್ಲಿ ಒಂದು ಬಾಣ. ಒಂದು ಪ್ರಾಣಿ, ಒಂದು ಗಿಡ, ಒಂದೇ ಥರ ಹೇಗಾದೀತು? ಅಪ್ಪನನ್ನು ಅಳತೆಗೋಲು ಮಾಡಿದ್ದಕ್ಕೆ ಒಂದು. ಗೆರೆ ದಾಟಿದ ಅಕ್ಷರಕ್ಕೆ ಒಂದು. ಮ್ಯಾನಟೀಯ ಚಿತ್ರಕ್ಕೆ ಎಡಗಣ್ಣು ದೊಡ್ಡದಾಗಿತ್ತು, ಅದಕ್ಕೊಂದು. ಹೂವಿನ ಎಸಳುಗಳಲ್ಲಿ ಒಂದು ಗಿಡ್ಡ. ಹೀಗೆ ಅವಳು ಪುಟ ತಿರುವುತ್ತಾ, ಅಂಟಿಸುತ್ತಾ ಹೋದಳು. ಸಿಟ್ಟಿನಿಂದಲ್ಲ, ಲೈನಿನಲ್ಲಿ ನಿಂತಾಗಿನ ಹಾಗೆಯೇ, ಮನಸ್ಸು ಎಲ್ಲೋ ಇಟ್ಟು, ಕಣ್ಣು ಕೈ ಎರಡನ್ನೇ ನಡೆಸುತ್ತಾ.

ಕೊನೆಯ ಹಾಳೆಗೆ ಬಂದಾಗ ಮಾತ್ರ ಕೈ ನಿಂತಿತು.

"ನಮ್ಮ ಮನೆಯಲ್ಲೂ ಒಂದು ಮ್ಯಾನಟೀ ಇದೆ. ಅದು ನಮ್ಮ ಅಮ್ಮ. ಅಮ್ಮ ಸಂಜೆ ಬಂದ ಮೇಲೆ ನೀರಿನ ಒಳಗೇ ಇರುತ್ತಾಳೆ. ನಾವು ಕರೆದರೆ ಹೂಂ ಅನ್ನಲು ಮೂಗು ಮಾತ್ರ ಮೇಲೆ ತರುತ್ತಾಳೆ. ಆಮೇಲೆ ಮತ್ತೆ ಮುಳುಗುತ್ತಾಳೆ. ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುತ್ತಾಳೆ. ಅಮ್ಮನಿಗೆ ನಾನು ಏನು ಹೇಳಿದೆ ಅಂತ ಗೊತ್ತಿರುವುದಿಲ್ಲ."

ಬಾಣದಮ್ಮನ ಕಿವಿಯ ತನಕ ಬಿಸಿ ಏರಿತು. ನಾಳೆ ಇದನ್ನು ಅಷ್ಟು ಜನದ ಮುಂದೆ ಓದುತ್ತಾಳೆ. ಎಲ್ಲರ ಅಪ್ಪ ಅಮ್ಮಂದಿರು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಕೂತಿರುತ್ತಾರೆ. ನಾಲ್ಕು ಕ್ವಿಂಟಾಲ್ ತೂಕದ, ನೀರಲ್ಲಿ ಮುಳುಗಿದ, ಮಗಳ ಮಾತು ಕೇಳದ ಹೆಂಗಸು ಯಾರು ಅಂತ ಎಲ್ಲರೂ ತಿರುಗಿ ನೋಡುತ್ತಾರೆ. ಅವಳು ಮುಂದೆ ಓದಲಿಲ್ಲ. ಹಾಳೆಯನ್ನು ಪಿನ್ನಿನ ಹತ್ತಿರ ಹಿಡಿದು, ಹೊಲಿಗೆ ಬಿಚ್ಚುವಷ್ಟೇ ನಾಜೂಕಾಗಿ ಕಿತ್ತು, ನಾಲ್ಕಾಗಿ ಮಡಚಿ, ತನ್ನ ಕೈಚೀಲದ ಒಳಜೇಬಿಗೆ ಸೇರಿಸಿದಳು. ಆಮೇಲೆ ಚಾರ್ಟ್ ಹಾಳೆ ಹಾಸಿ, ಸ್ಕೇಲು ಹಿಡಿದು, ನಡುವೆ ನೆಟ್ಟಗೆ ಒಂದು ಗೆರೆ ಎಳೆದಳು. ಎಡಕ್ಕೆ ಮ್ಯಾನಟೀ, ಬಲಕ್ಕೆ ಹೂ. ಲೈಬ್ರರಿ ಪುಸ್ತಕಗಳನ್ನು ತೆರೆದಿಟ್ಟುಕೊಂಡು ವ್ಯತ್ಯಾಸಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಇದು ಚಲಿಸುತ್ತದೆ, ಅದು ಚಲಿಸುವುದಿಲ್ಲ. ಇದು ನೀರಿನಲ್ಲಿ, ಅದು ನೆಲದಲ್ಲಿ. ಇದಕ್ಕೆ ಹಲ್ಲಿದೆ, ಅದಕ್ಕಿಲ್ಲ. ಒಟ್ಟು ಹದಿನಾಲ್ಕು ಸಾಲು ಆದವು. ಒಂದೂ ಓರೆಯಾಗಲಿಲ್ಲ.

ಗುಂಡಿ ಗೋಂದಿನ ಬಾಟಲಿ ಹಿಡಿದು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಮೊದಲು ಚಾರ್ಟನ್ನು ನೋಡಿದಳು. ಆಮೇಲೆ ನೋಟ್‌ಬುಕ್ಕನ್ನು.

"ಇದೆಲ್ಲಾ ತಪ್ಪಾ ಅಮ್ಮಾ?"

"ತಪ್ಪು ಅಂತಲ್ಲ ಕಂದಾ. ಹೋಲಿಸು ಅಂದ್ರೆ ವ್ಯತ್ಯಾಸ ತೋರಿಸ್ಬೇಕು. ನೋಡು, ಚೆನ್ನಾಗಿ ಮಾಡಿಕೊಟ್ಟಿದೀನಿ. ನಾಳೆ ಇದನ್ನೇ ಓದು."

"ಮೇಡಂ ಹಾಗೆ ಹೇಳಿಲ್ಲ…"

"ದಿನಾ ಎಂಟು ಗಂಟೆ ಅದೇ ಕೆಲಸ ಮಾಡ್ತೀನಿ. ನೀನು ನನಗೆ ಹೇಳಿಕೊಡ್ತೀಯಾ?"

ಗುಂಡಿ ಪುಟ ತಿರುವಿ ತಿರುವಿ ಬೆರಳಿನಿಂದ ಎಣಿಸಿದಳು. ಕೊನೆಯಲ್ಲಿ ಹಾಳೆ ಕಿತ್ತ ಜಾಗಕ್ಕೆ ಬಂದು, ಅಲ್ಲಿ ಉಳಿದಿದ್ದ ಕಾಗದದ ಸಣ್ಣ ಅಂಚನ್ನು ಉಗುರಿನಿಂದ ಮುಟ್ಟಿದಳು.

"ಅಮ್ಮಾ, ಅಂಗಿಗೆ ಎಷ್ಟು ಬಾಣ ಬಂದ್ರೆ ಡಬ್ಬಕ್ಕೆ ಹಾಕ್ತಾರೆ?"

"ಮೂರು. ಯಾಕೆ?"

"ನನಗೆ ಹನ್ನೊಂದು ಬಂದಿದೆ."

ಹೇಳಿ, ಗೋಂದಿನ ಬಾಟಲಿಯನ್ನು ವಾಪಸ್ ಕೊಡಲು ಕೆಳಗಿಳಿದು ಹೋದಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆಯ ಸದ್ದು, ಅಳುವ ಮಗುವಿನ ಓಟದ್ದಾಗಿದ್ದರೆ ಬಾಣದಮ್ಮ ಹಿಂದೆಯೇ ಓಡುತ್ತಿದ್ದಳೇನೋ. ಅದು ಒಂದೊಂದೇ ಮೆಟ್ಟಿಲು ಇಳಿಯುವ ದೊಡ್ಡವರ ಹೆಜ್ಜೆಯಂತಿತ್ತು. ಬಾಣದಮ್ಮ ಹಸಿವಾಗಿದೆ ಅಂದುಕೊಂಡು ಒಂದು ಬ್ರೆಡ್ಡು ತಿಂದಳು.

ಶನಿವಾರ ತರಗತಿಯ ತುಂಬ ಜನ. ಅಪ್ಪ ಅಮ್ಮಂದಿರು ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಸಿಕ್ಕಿಕೊಂಡು ಕೂತಿದ್ದರು. ಗಂಡನಿಗೆ ರಜೆ ಸಿಗದ್ದರಿಂದ ಬಾಣದಮ್ಮ ಒಬ್ಬಳೇ ಬಂದಿದ್ದಳು. ಕೊನೆಯ ಸಾಲಿನ ತುದಿಯಲ್ಲಿ, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು.

ಮೊದಲು ಬಂದ ಹುಡುಗನಿಗೆ ಗೂಬೆಯೂ ಹುಣಸೆಮರವೂ ಸಿಕ್ಕಿದ್ದವು. "ಎರಡನ್ನೂ ಕಂಡ್ರೆ ನಮ್ಮಜ್ಜಿಗೆ ಭಯ," ಅಂತ ಶುರು ಮಾಡಿದ. ಕ್ಲಾಸೆಲ್ಲ ಗೊಳ್ಳೆಂದಿತು. ಎರಡನೆಯ ಹುಡುಗಿ ಮುಳ್ಳುಹಂದಿಗೂ ಗುಲಾಬಿಗೂ ಮುಟ್ಟಬೇಡ ಅನ್ನುವ ಒಂದೇ ಮಾತು ಬರುತ್ತದೆ ಅಂದಳು. ಮೂರನೆಯವನದು ಸರಿಯಾಗಿ ಕೇಳಿಸಲೇ ಇಲ್ಲ, ಆದರೂ ಅವನ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಒಬ್ಬರದಲ್ಲೂ ಗೆರೆ ಎಳೆದ ಚಾರ್ಟು ಇರಲಿಲ್ಲ. ಒಬ್ಬರೂ ವ್ಯತ್ಯಾಸ ಅನ್ನುವ ಶಬ್ದ ಎತ್ತಲಿಲ್ಲ. ಬಾಣದಮ್ಮನಿಗೆ ಬೆಂಚಿನ ಮರ ಗಟ್ಟಿಯಾಗುತ್ತಾ ಬಂದಂತೆ ಅನಿಸಿತು.

ಗುಂಡಿಯ ಸರದಿ ಬಂತು. ಅವಳು ಚಾರ್ಟನ್ನು ಬೋರ್ಡಿಗೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿ, ಹದಿನಾಲ್ಕು ಸಾಲುಗಳನ್ನು ಹಾಜರಿ ಕರೆಯುವ ದನಿಯಲ್ಲಿ ಓದಿದಳು. ಯಾರೂ ನಗಲಿಲ್ಲ. ಮುಗಿದ ಮೇಲೆ ಮರ್ಯಾದೆಗೆ ಬೇಕಾದಷ್ಟು ಚಪ್ಪಾಳೆ ಬಂತು. "ಎಷ್ಟು ನೀಟಾಗಿದೆ ನೋಡಿ," ಅಂತ ಮುಂದಿನ ಸಾಲಿನ ಯಾರೋ ಅಂದರು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಅಚ್ಚುಕಟ್ಟಾಗಿದೆ ಮರಿ. ಆದ್ರೆ ಚೀಟಿಯ ಕೆಳಗೆ ನಾನು ಒಂದು ಸಾಲು ಬರೆದಿದ್ನಲ್ಲ? ಅದನ್ನ ಓದು."

ಗುಂಡಿ ಹಸಿರು ನೋಟ್‌ಬುಕ್ ತೆರೆದಳು. ಮೊದಲ ಪುಟ. ಓರೆಯಾದ ಚೀಟಿ. ಬಾಣದ ಸ್ಟಿಕ್ಕರಿನ ಪಕ್ಕದಲ್ಲೇ ಮೇಡಂ ಕೈಬರಹ. "ಇವೆರಡೂ ಎಲ್ಲಿ ಒಂದಾಗುತ್ತವೆ, ಹುಡುಕಿ," ಎಂದು ಓದಿದಳು.

ಬಾಣದಮ್ಮ ಆ ಚೀಟಿಯನ್ನು ಮುಟ್ಟಿದ್ದಳು. ಅದರ ಮೂಲೆ ಎರಡು ನೂಲು ಮೇಲಿದೆ ಅಂತ ಅವಳಿಗೆ ಗೊತ್ತಿತ್ತು. ಅದರಲ್ಲಿ ಏನು ಬರೆದಿದೆ ಅಂತ ಮಾತ್ರ ಓದಿರಲಿಲ್ಲ.

"ಒಂದಾಗೋದು ನಿನಗೆ ಏನೂ ಸಿಗಲಿಲ್ವಾ?" ಮೇಡಂ ಕೇಳಿದರು. ಗುಂಡಿ ಕೊನೆಯ ಸಾಲಿನ ಕಡೆ ಒಮ್ಮೆ ನೋಡಿ, ಕಣ್ಣು ಕೆಳಗೆ ಹಾಕಿದಳು.

"ಇಲ್ಲ ಮೇಡಂ."

"ಈ ಚಾರ್ಟು ನೀನೇ ಮಾಡಿದ್ದಾ?"

ಈಗ ಏಳಬೇಕು ಅಂತ ಬಾಣದಮ್ಮನಿಗೆ ಗೊತ್ತಾಯಿತು. ಎದ್ದು 'ನಾನು ಮಾಡಿದ್ದು' ಅನ್ನಬೇಕು, ಎರಡೇ ಮಾತು. ಆದರೆ ಮಂಡಿ ಬೆಂಚಿನ ಅಡಿ ಸಿಕ್ಕಿಕೊಂಡಿತ್ತು, ನಾಲಿಗೆ ಅದಕ್ಕಿಂತ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು.

"ಹೌದು ಮೇಡಂ," ಅಂದಳು ಗುಂಡಿ. "ನಾನೇ."

ಮೇಡಂ ಇನ್ನೇನೂ ಕೇಳದೆ, ಎಲ್ಲರಿಗೂ ಕೊಟ್ಟ ಹಾಗೆ ಒಂದು ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕ್ಕರ್ ಕೊಟ್ಟು ಕಳಿಸಿದರು. ಮುಂದಿನ ಮಕ್ಕಳ ಪೈಕಿ ಒಬ್ಬರದೂ ಬಾಣದಮ್ಮನ ಕಿವಿಗೆ ಬೀಳಲಿಲ್ಲ. ಮಗಳು ಸುಳ್ಳು ಹೇಳಿದ್ದಳು. ಬಿಸ್ಕತ್ತು ಕದ್ದು ತಿಂದಾಗಲೂ ತಾನಾಗಿಯೇ ಬಂದು ಒಪ್ಪಿಕೊಳ್ಳುತ್ತಿದ್ದ ಮಗಳು ಅಷ್ಟು ಜನದ ಮುಂದೆ ಸುಳ್ಳು ಹೇಳಿದ್ದಳು. ಅದೂ ತನ್ನನ್ನು ಉಳಿಸಿಕೊಳ್ಳಲಿಕ್ಕಲ್ಲ. ಹತ್ತು ವರ್ಷದ ಮಗು ಅಡ್ಡ ನಿಂತು ಅಮ್ಮನ ಮಾನ ಕಾಪಾಡಿತ್ತು. ಅಮ್ಮ ಕೈಚೀಲ ಹಿಡಿದುಕೊಂಡು ಕೂತಿದ್ದಳು.

ಗೇಟಿನ ಹತ್ತಿರ ಬಂದಾಗ ಗುಂಡಿ ನಿಂತಳು. ನಕ್ಷತ್ರದ ಹಿಂದಿನ ಕಾಗದವನ್ನು ಬಿಡಿಸಿ, ಅಮ್ಮನ ರವಿಕೆಯ ತೋಳಿನ ಮೇಲೆ, ಅಂಚಿಗೆ ಸರಿಯಾಗಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು.

"ಏನೇ ಇದು?"

"ಚಾರ್ಟು ನಿಂದಲ್ವಾ? ನಕ್ಷತ್ರನೂ ನಿಂದೇ."

ಅದರಲ್ಲಿ ಕೊಂಕು ಹುಡುಕಿದರೂ ಇರಲಿಲ್ಲ. ಯಾರ ಪೆನ್ಸಿಲ್ ಯಾರಿಗೆ ಅಂತ ಹಿಂತಿರುಗಿಸುವಾಗಿನ ಮುಖವೇ ಅದು. ಬಯ್ದಿದ್ದರೆ, ಚಂಡಿ ಹಿಡಿದಿದ್ದರೆ, ಬಾಣದಮ್ಮನಿಗೆ ನೆಪ ಒಂದು ಸಿಗುತ್ತಿತ್ತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಬಿಸಿಲಿಗೆ ನಕ್ಷತ್ರ ಫಳಫಳ ಹೊಳೆಯುತ್ತಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ಅವಳಿಗೆ. ಭೂಮಿ ಬಾಯಿ ಬಿಡಲಿಲ್ಲ. ಅವಳು ಮಗಳ ಕೈ ಹಿಡಿದು ತಿರುಗಿ ಶಾಲೆಯ ಒಳಗೆ ನಡೆದಳು.

ಮೇಡಂ ಬೆಂಚುಗಳನ್ನು ಸರಿಸುತ್ತಿದ್ದರು. ಬಾಣದಮ್ಮ ಬಾಗಿಲಲ್ಲೇ ನಿಂತು, ಉಸಿರು ಬಿಡದೆ ಹೇಳಿದಳು.

"ಮೇಡಂ, ಆ ಚಾರ್ಟು ನಾನು ಬರೆದಿದ್ದು. ಇವಳದು ಬೇರೆ ಇತ್ತು. ನಾನೇ ಹಾಳು ಮಾಡಿದೆ. ಕೊನೇ ಹಾಳೆ ಕಿತ್ಕೊಂಡೆ. ಅದರಲ್ಲಿ… ನನ್ನ ಬಗ್ಗೆ ಬರೆದಿದ್ಳು. ಅದಕ್ಕೆ."

ಚೀಲದ ಒಳಜೇಬಿನಿಂದ ಹಾಳೆ ತೆಗೆದು ಚಾಚಿದಳು. ಗುಂಡಿ ಬಾಯಿ ತೆರೆದುಕೊಂಡು ಹಾಳೆಯನ್ನೇ ನೋಡುತ್ತಿದ್ದಳು. ಅದು ಕಸದ ಬುಟ್ಟಿಗೆ ಹೋಯಿತೆಂದೇ ಅವಳು ಅಂದುಕೊಂಡಿದ್ದಳು.

ಮೇಡಂ ಹಾಳೆಯನ್ನು ತೆಗೆದುಕೊಂಡು ಗುಂಡಿಯ ಕೈಗೇ ಕೊಟ್ಟರು. "ಬರೆದವಳು ನೀನು. ಓದ್ತೀಯೋ, ಬೇಡ್ವೋ?"

ಗುಂಡಿ ಅಮ್ಮನ ಮುಖ ನೋಡಿದಳು. ಬಾಣದಮ್ಮ ಓದು ಅನ್ನುವಂತೆ ತಲೆಯಾಡಿಸಿ, ಹತ್ತಿರದ ಬೆಂಚಿನಲ್ಲಿ ಕೂತಳು.

ಗುಂಡಿ ಓದಿದಳು. ಮನೆಯಲ್ಲಿರುವ ಮ್ಯಾನಟೀ, ಮೂಗು, ಹೂಂ, ಬಸ್ಸಿನ ನಿದ್ದೆ, ಎಲ್ಲ. ಖಾಲಿ ತರಗತಿಯಲ್ಲಿ ಒಂದೊಂದು ಶಬ್ದವೂ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಬಾಣದಮ್ಮ ಮೇಡಂ ಮುಖದ ಕಡೆ ನೋಡಲಾರದೆ ಡೆಸ್ಕಿನ ಮೇಲೆ ಯಾರೋ ಕೆತ್ತಿದ್ದ ವಕ್ರ ಗೆರೆಯೊಂದನ್ನು ನೋಡುತ್ತಾ ಕೂತಳು. 'ಏನು ಹೇಳಿದೆ ಅಂತ ಗೊತ್ತಿರುವುದಿಲ್ಲ' ಅನ್ನುವಲ್ಲಿಗೆ ಬಂದಾಗ, ಮುಗಿಯಿತು ಅಂದುಕೊಂಡಳು.

ಗುಂಡಿ ಹಾಳೆಯನ್ನು ತಿರುಗಿಸಿದಳು.

ಹಿಂದೆಯೂ ಇತ್ತು. ಅಂಗಿಯ ಒಳಮೈ ನೋಡದೆ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದನ್ನೂ ಬಿಟ್ಟವಳಲ್ಲ ಬಾಣದಮ್ಮ. ಈ ಒಂದು ಹಾಳೆಯನ್ನು ಅವಳು ತಿರುಗಿಸಿರಲಿಲ್ಲ.

"ನದಿ ಬತ್ತಿದಾಗ ಮ್ಯಾನಟೀಗೆ ತಿನ್ನಲು ಹುಲ್ಲು ಸಿಗುವುದಿಲ್ಲ," ಗುಂಡಿಯ ದನಿ ಈಗ ಹಾಜರಿ ಕರೆಯುವಂತೆ ಇರಲಿಲ್ಲ, "ಆಗ ಅದು ಆಳದ ಜಾಗಕ್ಕೆ ಹೋಗಿ ಆರು ತಿಂಗಳು ಏನೂ ತಿನ್ನದೆ ಕಾಯುತ್ತದೆ. ದಿಕ್ಸೂಚಿ ಗಿಡದ ಬಯಲಿಗೆ ಬೆಂಕಿ ಬಿದ್ದರೆ ಮೇಲಿನದೆಲ್ಲ ಸುಟ್ಟು ಹೋಗುತ್ತದೆ. ಬೇರು ಕೆಳಗೆ ಕಾಯುತ್ತದೆ. ಹೂ ಬಿಡಲು ಎಷ್ಟೋ ವರ್ಷ ಕಾಯುತ್ತದೆ. ಇವೆರಡೂ ಒಂದಾಗುವುದು ಇಲ್ಲಿ. ಎರಡಕ್ಕೂ ಕಾಯುವುದಕ್ಕೆ ಬರುತ್ತದೆ. ನನಗೂ ಬರುತ್ತದೆ. ಭಾನುವಾರ ಮಧ್ಯಾಹ್ನ ನಮ್ಮ ಅಮ್ಮ ಪೂರ್ತಿ ಮೇಲೆ ಬರುತ್ತಾಳೆ. ಆಗ ನಾನು ಎಲ್ಲ ಹೇಳುತ್ತೇನೆ. ಮರೆಯಬಾರದು ಅಂತ ಸೋಮವಾರದಿಂದ ಬೆರಳಿನಲ್ಲಿ ಎಣಿಸಿ ಇಟ್ಟುಕೊಳ್ಳುತ್ತೇನೆ."

ಮೇಡಂ ಕಿಟಕಿಯ ಕಡೆ ತಿರುಗಿ ಕರ್ಟನ್ ಎಳೆಯುವ ನೆಪ ಮಾಡಿದರು. ಬಾಣದಮ್ಮನ ಕಣ್ಣಿನಲ್ಲಿ ನೀರು ಬರಲಿಲ್ಲ. ಅತ್ತುಬಿಟ್ಟರೆ ಹಗುರವಾಗುತ್ತದೆ, ಹಗುರವಾಗುವಷ್ಟು ಬೇಗ ತನಗೆ ಹಕ್ಕಿಲ್ಲ ಅನ್ನಿಸಿತು. ಕಳೆದ ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಳು. ಅದರ ಹಿಂದಿನ ಭಾನುವಾರವೂ. ಗುಂಡಿ ಬೆರಳುಗಳನ್ನು ಮಡಚಿಕೊಂಡು ಮಂಚದ ಪಕ್ಕ ಬಂದು ನಿಂತು, ಹಾಗೇ ಹೋದದ್ದು ಅರೆನಿದ್ದೆಯಲ್ಲಿ ಕಂಡಿದ್ದು ನೆನಪಾಯಿತು. ಹುಡುಗಿ ಅದನ್ನು ಬರೆದಿರಲಿಲ್ಲ. ಬರೆಯಬಹುದಿತ್ತು.

"ಇದನ್ನ ಬುಕ್ಕಿಗೆ ವಾಪಸ್ ಅಂಟಿಸಿ ಸೋಮವಾರ ತಗೊಂಡು ಬಾ," ಮೇಡಂ ಗುಂಡಿಗೆ ಹೇಳಿದರು. "ಎಲ್ಲರ ಮುಂದೆ ಓದೋದು ಬಿಡೋದು ನಿನ್ನಿಷ್ಟ."

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಾಣದಮ್ಮ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬಾಣಗಳನ್ನು ಬಿಡಿಸತೊಡಗಿದಳು. ಬಟ್ಟೆಯ ಮೇಲಾದರೆ ಗುರುತೂ ಇಲ್ಲದೆ ಏಳುವ ಬಾಣ ಅದು; ಅದಕ್ಕೆಂದೇ ಮಾಡಿದ್ದು. ಕಾಗದದ ಮೇಲೆ ಹಾಗಲ್ಲ. ಮೊದಲನೆಯದನ್ನು ಎಳೆದಾಗ 'ಒಂದೇ ಥರ' ಅನ್ನುವುದರಲ್ಲಿ 'ಥರ' ಅದರ ಜೊತೆಗೇ ಕಿತ್ತು ಬಂತು. ಪುಟದಲ್ಲಿ ಬಿಳಿಯ ಗಾಯ ಉಳಿಯಿತು.

"ಬಿಡಮ್ಮಾ," ಅಂದಳು ಗುಂಡಿ. "ಎಲ್ಲಾ ಅಕ್ಷರನೂ ಹೋಗುತ್ತೆ."

"ಮತ್ತೆ ಹೀಗೇ ಇರ್ಲಾ?"

"ಇರ್ಲಿ. ಹತ್ತು ತಾನೆ."

ಬಾಣದಮ್ಮ ಕಿತ್ತು ಬಂದ ಬಾಣವನ್ನು, ಅದಕ್ಕೆ ಅಂಟಿಕೊಂಡ ಎರಡು ಅಕ್ಷರದ ಸಮೇತ, ಎಲ್ಲಿ ಎಸೆಯುವುದು ಅಂತ ತಿಳಿಯದೆ ಬೆರಳ ತುದಿಯಲ್ಲೇ ಇಟ್ಟುಕೊಂಡಳು. ತೋಳಿನ ಮೇಲಿನ ನಕ್ಷತ್ರವನ್ನು ತೆಗೆಯುವ ಧೈರ್ಯವೂ ಅವಳಿಗೆ ಬರಲಿಲ್ಲ. ಎರಡು ಸ್ಟಾಪು ದಾಟಿದವು. ಎಂದಿನ ಹಾಗೆ ರೆಪ್ಪೆ ಭಾರವಾಗತೊಡಗಿತು. ಅವಳು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ತೆರೆದೇ ಕೂತಳು.

"ಅಮ್ಮಾ, ಮ್ಯಾನಟೀ ಹಲ್ಲು ಸವೆದ್ರೆ ಏನಾಗುತ್ತೆ ಗೊತ್ತಾ?"

"ಹೂ…" ಅನ್ನಲು ಬಾಯಿ ತೆರೆದವಳು ಅದನ್ನು ಗಂಟಲಲ್ಲೇ ಹಿಡಿದಳು. ಪೂರ್ತಿ ತಿರುಗಿ ಮಗಳ ಕಡೆ ಕೂತಳು. "ಗೊತ್ತಿಲ್ಲ. ಹೇಳು."

ಗುಂಡಿ ಸ್ವಲ್ಪ ಹೊತ್ತು ಅಮ್ಮನ ಮುಖವನ್ನು ನೋಡಿದಳು. ಹಣೆ, ಕಣ್ಣು, ಬಾಯಿ. ಚೆಕಿಂಗ್ ಟೇಬಲ್ಲಿನ ಮೇಲೆ ಹಾಸಿದ ಅಂಗಿಯನ್ನು ನೋಡುವ ಹಾಗೆ, ಯಾವ ಅವಸರವೂ ಇಲ್ಲದೆ.

"ಆಮೇಲೆ ಹೇಳ್ತೀನಿ," ಅಂದಳು.

ಬಾಣದಮ್ಮ "ಆಯ್ತು, ಕಾಯ್ತೀನಿ" ಅಂದಳು.